ವಿಮಾನ ಇರುವಾಗ ನಡೆದು ಹೋಗುವುದು ಯಾಕೆ?

ಜಿದ್ದಾಕ್ಕೆ ವಿಮಾನದಲ್ಲಿ ಐದಾರು ಗಂಟೆಯ ದಾರಿ. ಹಾಗಿರುವಾಗ ಒಬ್ಬ ಮನುಷ್ಯ ಒಂದು ವರ್ಷ ರಸ್ತೆಯಲ್ಲಿ ನಡೆದು ಮಕ್ಕಾಕ್ಕೆ ಹೋಗುವುದು ಎಂತಕ್ಕೆ? ಮೂರು ನಾಲ್ಕು ವರ್ಷದಿಂದ ಈ ಪ್ರಶ್ನೆ ನಮ್ಮ ಕಿವಿಗೆ ಬೀಳುತ್ತಲೇ ಉಂಟು. ನಿಖಾಹ್ ಮುಗಿಸಿ ಊಟಕ್ಕೆ ಕೂತಾಗ ಕೇಳುತ್ತಾರೆ, ಅಸರ್ ನಮಾಝ್ ಆಗಿ ಪಳ್ಳಿಯ ಕಟ್ಟೆಯಲ್ಲಿ ಕೂತಾಗ ಕೇಳುತ್ತಾರೆ. ಕೇಳುವವರಲ್ಲಿ ಎರಡು ಪಂಗಡ. ಒಂದು ಪಂಗಡಕ್ಕೆ ನಡೆಯುವವನು ಔಲಿಯಾ. ಇನ್ನೊಂದಕ್ಕೆ ಅವನು ಬರೀ ಶೋ ಮಾಡುವವನು. ಎರಡೂ ಸರಿ ಅಲ್ಲ ಅಂತ ನಮಗೆ ಅನ್ನಿಸಿದ್ದರಿಂದ ಇಷ್ಟು ಬರೆಯುತ್ತಿದ್ದೇವೆ.

ನಮ್ಮ ಕಡೆ ಈ ಮಾತು ಜೋರಾದದ್ದು 2022ರ ಮಳೆಗಾಲದಲ್ಲಿ. ಆ ವರ್ಷ ಜೂನ್ 2ರಂದು ಕೇರಳದ ಮಲಪ್ಪುರಂ ಜಿಲ್ಲೆಯ ಆತವನಾಡಿನಿಂದ ಶಿಹಾಬ್ ಚೋಟ್ಟೂರ್ ಎಂಬ ಯುವಕ ಹಜ್ಜ್‌ನ ನಿಯ್ಯತ್ ಮಾಡಿ ಕಾಲ್ನಡಿಗೆಯಲ್ಲಿ ಹೊರಟರು. ಹಾಕಿಕೊಂಡ ಲೆಕ್ಕ 8,640 ಕಿಲೋಮೀಟರ್. ಭಾರತ ದಾಟಿ ಪಾಕಿಸ್ತಾನ, ಇರಾನ್, ಇರಾಕ್, ಕುವೈತ್, ಆಮೇಲೆ ಸೌದಿ. ನಮ್ಮ ಕರಾವಳಿಯ ಹೈವೇಯಲ್ಲೇ ಅವರು ಉತ್ತರಕ್ಕೆ ಹೋದದ್ದು. ಮಳೆಯಲ್ಲಿ ಕೊಡೆ ಹಿಡಿದುಕೊಂಡು ರಸ್ತೆ ಬದಿ ಕಾದು ನಿಂತವರನ್ನು ಓದುಗರು ಮರೆತಿರಲಿಕ್ಕಿಲ್ಲ. ಸಲಾಂ ಹೇಳಲು ಬಂದವರಿದ್ದರು, ದುಆ ಮಾಡಿ ಅಂತ ಅಳುತ್ತಾ ಬಂದವರಿದ್ದರು, ಫೋನ್ ಎತ್ತಿ ಹಿಡಿದು ಅವರಿಗಿಂತ ಮುಂದೆ ಹಿಮ್ಮುಖವಾಗಿ ಓಡಿದವರೂ ಇದ್ದರು. ಅವರ ನಂತರ ಬೇರೆ ಬೇರೆ ಊರಿನ ಹುಡುಗರು ಹೊರಟರು, ನಮ್ಮ ಜಿಲ್ಲೆಯಿಂದಲೂ.

ಇದು ಹೊಸತೇನಲ್ಲ. ಬೋಸ್ನಿಯಾದ ಸೆನಾದ್ ಹಾಜಿಚ್ ಎಂಬವರು 2011ರ ಕೊನೆಯಲ್ಲಿ ಊರು ಬಿಟ್ಟು, ಯುದ್ಧ ನಡೆಯುತ್ತಿದ್ದ ಸಿರಿಯಾದ ಒಳಗಿನಿಂದಲೇ ಹಾದು, 2012ರಲ್ಲಿ ಮಕ್ಕಾ ಮುಟ್ಟಿದ್ದರು. ಸುಮಾರು 5,700 ಕಿಲೋಮೀಟರ್.

ಮೊದಲು ದೀನ್ ಎಂತ ಹೇಳುತ್ತದೆ ನೋಡುವ, ಯಾಕೆಂದರೆ ಇಲ್ಲಿಯೇ ಹೆಚ್ಚಿನವರಿಗೆ ಗೊಂದಲ. ಹಜ್ಜ್ ಕಡ್ಡಾಯ ಆಗುವುದು ಅಲ್ಲಿಗೆ ಹೋಗುವ ಸಾಮರ್ಥ್ಯ ಇದ್ದವರಿಗೆ. ನಮ್ಮ ಶಾಫಿಈ ಮದ್ಸ್‌ಹಬ್‌ನ ಕಿತಾಬ್‌ಗಳಲ್ಲಿ ಈ ಸಾಮರ್ಥ್ಯವನ್ನು ಬಿಡಿಸಿ ಹೇಳಿದ್ದಾರೆ. ಮಕ್ಕಾದಿಂದ ಎರಡು ಮರ್ಹಲ, ಅಂದರೆ ಎರಡು ದಿನದ ದಾರಿಗಿಂತ ದೂರ ಇರುವವನಿಗೆ ವಾಹನ ಸಿಗಬೇಕು. ವಾಹನ ಇಲ್ಲದಿದ್ದರೆ, ಅವನು ಎಷ್ಟೇ ಗಟ್ಟಿಮುಟ್ಟಾಗಿದ್ದರೂ, ನಡೆದಾದರೂ ಹೋಗು ಅಂತ ಅವನ ಮೇಲೆ ಕಡ್ಡಾಯ ಇಲ್ಲ. ದಾರಿ ಸುರಕ್ಷಿತ ಇರಬೇಕು. ಹಿಂದೆ ಉಳಿಯುವ ಹೆಂಡತಿ ಮಕ್ಕಳಿಗೆ, ಅವನ ಮೇಲೆ ಅವಲಂಬಿಸಿದ ತಂದೆ ತಾಯಿಗೆ, ಅವನು ವಾಪಸು ಬರುವವರೆಗಿನ ಖರ್ಚು ಇಟ್ಟಿರಬೇಕು. ಸಾಲ ಕಳೆದು ಉಳಿದದ್ದರಲ್ಲೇ ಇದೆಲ್ಲ. ಮಂಗಳೂರಿನವನ ಮೇಲೆ ನಡೆಯುವ ಹೊಣೆಯನ್ನು ಯಾರೂ ಹೊರಿಸಿಲ್ಲ ಎಂದಾಯಿತು.

ನಡೆದರೆ ಕೂಲಿ ಹೆಚ್ಚಾ? ಇದರಲ್ಲಿ ಇಮಾಮರ ನಡುವೆ ಮಾತುಂಟು. ಇಮಾಮ್ ನವವಿಯವರು ವಾಹನದಲ್ಲಿ ಹೋಗುವುದೇ ಉತ್ತಮ ಎಂಬ ಅಭಿಪ್ರಾಯವನ್ನು ಸರಿ ಎಂದಿದ್ದಾರೆ, ಯಾಕೆಂದರೆ ಪ್ರವಾದಿ (ಸ) ತಮ್ಮ ಹಜ್ಜ್‌ಗೆ ಒಂಟೆಯ ಮೇಲೆ ಹೋದರು. ಇನ್ನೊಂದು ಕಡೆ, ಸೂರಃ ಹಜ್ಜ್‌ನಲ್ಲಿ ಇಬ್ರಾಹೀಮ್ ನೆಬಿಯವರ ಕರೆಗೆ ಬರುವವರನ್ನು ಹೇಳುವಾಗ ಕಾಲ್ನಡಿಗೆಯವರ ಹೆಸರು ಮೊದಲು ಬಂದು, ಬಡಕಲು ಒಂಟೆಗಳ ಮೇಲೆ ಬರುವವರ ಹೆಸರು ಆಮೇಲೆ ಬರುತ್ತದೆ. ಹಸನ್ (ರ) ಮದೀನಾದಿಂದ ಎಷ್ಟೋ ಸಲ ನಡೆದೇ ಹಜ್ಜ್‌ಗೆ ಹೋದರೆಂದೂ, ಸವಾರಿಯ ಪ್ರಾಣಿಗಳು ಪಕ್ಕದಲ್ಲೇ ಖಾಲಿ ಬರುತ್ತಿದ್ದವೆಂದೂ ಚರಿತ್ರೆಯ ಕಿತಾಬ್‌ಗಳಲ್ಲಿ ಇದೆ. ಹಾಗಾಗಿ ನಡೆಯುವವನನ್ನು ಹುಚ್ಚ ಅನ್ನಲಿಕ್ಕೆ ನಮಗೆ ಹಕ್ಕಿಲ್ಲ.

ಆದರೆ ಬುಖಾರಿಯಲ್ಲಿ ಬರುವ ಒಂದು ಘಟನೆಯನ್ನು ನಾವು ಮಕ್ಕಳಿಗೆ ಯಾವಾಗಲೂ ಹೇಳುವುದುಂಟು. ಒಬ್ಬ ಮುದುಕರು ಇಬ್ಬರು ಗಂಡುಮಕ್ಕಳ ಹೆಗಲಿಗೆ ಆತುಕೊಂಡು ಕಾಲೆಳೆಯುತ್ತಾ ಹೋಗುತ್ತಿದ್ದರು. ಇವರಿಗೆ ಎಂತ ಆಗಿದೆ ಅಂತ ಪ್ರವಾದಿ (ಸ) ಕೇಳಿದರು. ನಡೆದು ಹೋಗುವ ನೇರ್ಚೆ ಹೇಳಿದ್ದಾರೆ ಅಂತ ಮಕ್ಕಳು ಹೇಳಿದರು. ಈ ಮನುಷ್ಯ ತನ್ನನ್ನು ತಾನು ಹಿಂಸೆ ಮಾಡಿಕೊಳ್ಳುವುದು ಅಲ್ಲಾಹನಿಗೆ ಬೇಕಾಗಿಲ್ಲ ಎಂದು ಹೇಳಿ, ವಾಹನ ಹತ್ತಲು ಅಪ್ಪಣೆ ಮಾಡಿದರು. ಉಖ್ಬಃ ಎಂಬ ಸಹಾಬಿಯ ತಂಗಿಯೂ ಕ‌ಅಬಾದವರೆಗೆ ನಡೆಯುವ ನೇರ್ಚೆ ಹೇಳಿದ್ದರು. ಅವರಿಗೆ ಸಿಕ್ಕ ಉತ್ತರ, ನಡೆಯಲಿ, ಸವಾರಿಯನ್ನೂ ಮಾಡಲಿ ಅಂತ. ನಮ್ಮಲ್ಲಿ ಜ್ವರ ಬಂದರೆ ನೇರ್ಚೆ, ಪರೀಕ್ಷೆ ಬಂದರೆ ನೇರ್ಚೆ. ನಾಲಗೆಯಿಂದ ಬಿದ್ದ ನೇರ್ಚೆ ಹಗುರದ್ದಲ್ಲ, ಹೇಳುವ ಮೊದಲು ಒಬ್ಬ ಆಲಿಮರ ಹತ್ತಿರ ಕೇಳಿ.

ಕಡ್ಡಾಯ ಇಲ್ಲ, ಹೆಚ್ಚು ಕೂಲಿಯ ಖಾತ್ರಿಯೂ ಇಲ್ಲ. ಮತ್ತೆ ಯಾಕೆ ನಡೆಯುತ್ತಾರೆ?

ನಮಗೆ ಕಾಣುವ ಒಂದು ಕಾರಣ, ಹಜ್ಜ್‌ನಿಂದ ಪ್ರಯಾಣವೇ ಮಾಯ ಆಗಿದೆ. ಹಳಬರಿಗೆ ಗೊತ್ತು, 1995ರವರೆಗೆ ಮುಂಬೈಯಿಂದ ಜಿದ್ದಾಕ್ಕೆ ಹಾಜಿಮಾರ್ ಹಡಗಿನಲ್ಲಿ ಹೋಗುತ್ತಿದ್ದರು. ಊರಿನಿಂದ ಮುಂಬೈಗೆ ತಲುಪುವುದೇ ಒಂದು ದೊಡ್ಡ ಕೆಲಸ, ಅಲ್ಲಿ ಕಾಯುವುದು, ಆಮೇಲೆ ದಿನಗಟ್ಟಲೆ ಸಮುದ್ರ. ಹೊರಡುವ ಮೊದಲು ಮನೆಮನೆಗೆ ಹೋಗಿ, ಮಾತು ಬಿಟ್ಟವರ ಬಾಗಿಲಿಗೂ ಹೋಗಿ, ನನ್ನಿಂದ ತಪ್ಪಾಗಿದ್ದರೆ ಮಾಫ್ ಮಾಡಿ ಅನ್ನುತ್ತಿದ್ದರು. ವಾಪಸು ಬರುತ್ತಾರೋ ಇಲ್ಲವೋ ಅನ್ನುವ ಭಯ ಎರಡೂ ಕಡೆ ಇತ್ತು. (ಈಗ ಆ ಮಾಫ್ ಕೇಳುವುದು ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಮುಗಿಯುತ್ತದೆ. ಮಾತು ಬಿಟ್ಟವನು ನಂಬರ್ ಬ್ಲಾಕ್ ಮಾಡಿರುತ್ತಾನೆ.) ಬೆಳಗ್ಗೆ ಮನೆಯಲ್ಲಿ ಚಾ ಕುಡಿದವರು ರಾತ್ರಿಯೊಳಗೆ ಇಹ್ರಾಮ್‌ನಲ್ಲಿ ಕ‌ಅಬಾದ ಎದುರು ನಿಲ್ಲುತ್ತಾರೆ. ಇದು ದೊಡ್ಡ ನಿಅ್ಮತ್, ಸಂಶಯ ಇಲ್ಲ. ನಮ್ಮ ವಯಸ್ಸಾದ ಉಮ್ಮಮಾರಿಗೆ ಹಜ್ಜ್ ಕೈಗೆಟುಕಿದ್ದು ಇದರಿಂದಲೇ. ಆದರೆ ದೇಹ ಮುಟ್ಟಿದಷ್ಟು ಬೇಗ ಮನಸ್ಸು ಮುಟ್ಟುವುದಿಲ್ಲ. ಮೊದಲ ಎರಡು ದಿನ ನನಗೆ ಎಂತದೂ ಅನ್ನಿಸಲೇ ಇಲ್ಲ ಉಸ್ತಾದ್, ಅಂಗಡಿಯ ಲೆಕ್ಕವೇ ತಲೆಯಲ್ಲಿತ್ತು ಅಂತ ಒಬ್ಬ ಹಾಜಿ ನಮ್ಮ ಹತ್ತಿರ ಹೇಳಿದ್ದುಂಟು.

ಇಬ್ನ್ ಬತೂತ ನೆನಪಾಗುತ್ತಾರೆ. 1325ರಲ್ಲಿ, ಇಪ್ಪತ್ತೊಂದನೇ ವಯಸ್ಸಿಗೆ, ಮೊರೊಕ್ಕೊದ ತಂಜೀರ್‌ನಿಂದ ಒಬ್ಬರೇ ಹಜ್ಜ್‌ಗೆ ಹೊರಟವರು. ತಂದೆ ತಾಯಿಯನ್ನು ಬಿಟ್ಟು ಬರುವಾಗ ಪಟ್ಟ ಸಂಕಟವನ್ನು ಅವರೇ ಬರೆದಿಟ್ಟಿದ್ದಾರೆ. ಮಕ್ಕಾ ಮುಟ್ಟಲಿಕ್ಕೆ ಒಂದು ವರ್ಷಕ್ಕೂ ಹೆಚ್ಚು ಬೇಕಾಯಿತು. ಆಮೇಲೆ ತಿರುಗುತ್ತಾ ತಿರುಗುತ್ತಾ ನಮ್ಮ ಕರಾವಳಿಗೂ ಬಂದರು. ಅವರು ಮಂಜರೂರ್ ಅಂತ ಕರೆದ ಮಂಗಳೂರಿನಲ್ಲಿ ಆಗಲೇ ಸುಮಾರು ನಾಲ್ಕು ಸಾವಿರ ಮುಸ್ಲಿಮರು ಇದ್ದರಂತೆ. ಹಜ್ಜ್‌ಗೆ ಅಂತ ಹೊರಟ ಹುಡುಗನೊಬ್ಬನ ಪ್ರಯಾಣದಿಂದಾಗಿ ನಮ್ಮ ಊರಿನ ಏಳು ಶತಮಾನ ಹಿಂದಿನ ಸುದ್ದಿ ನಮಗೆ ಸಿಕ್ಕಿದೆ. ಆ ಕಾಲದ ದಾರಿ ಮನುಷ್ಯನನ್ನು ಹಾಗೆ ಬದಲಾಯಿಸುತ್ತಿತ್ತು. ಈಗಿನವರು ನಡೆಯುವಾಗ ಹುಡುಕುವುದು ಆ ಕಳೆದುಹೋದ ದಾರಿಯನ್ನೇ ಇರಬೇಕು.

ಈ ಆಸೆ ನಮ್ಮಲ್ಲಿ ಮಾತ್ರ ಇರುವುದೂ ಅಲ್ಲ. ಶಿವರಾತ್ರಿ ಹತ್ತಿರ ಬಂದರೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದು ಬರುವವರ ಸಾಲು ಆ ಭಾಗದ ಬ್ಯಾರಿ ಮನೆಗಳಿಗೆ ಹೊಸದಲ್ಲ. ಬೆಂಗಳೂರು, ಹಾಸನ, ಚಿಕ್ಕಮಗಳೂರು ಕಡೆಯಿಂದ ದಿನಗಟ್ಟಲೆ ನಡೆದು ಬರುತ್ತಾರೆ. ಬಸ್ ಉಂಟಲ್ಲಾ ಉಸ್ತಾದ್, ಮತ್ತೆ ಯಾಕೆ ನಡೆಯುವುದು ಅಂತ ಮದ್ರಸದಲ್ಲಿ ಐದನೇ ತರಗತಿಯ ಒಬ್ಬ ಕೇಳಿದ. ಅವನ ಪಕ್ಕದಲ್ಲಿದ್ದವನೇ ಉತ್ತರ ಹೇಳಿದ: ಬಸ್ಸಿನಲ್ಲಿ ಹೋದರೆ ಬೇಗ ಮುಗಿಯುತ್ತದಲ್ಲಾ. ನಾವು ಅದಕ್ಕೆ ಎಂತದೂ ಸೇರಿಸಲಿಲ್ಲ. ಅವರ ನಂಬಿಕೆ ಬೇರೆ, ನಮ್ಮದು ಬೇರೆ. ಆದರೆ ಬೇಗ ಮುಗಿಯಬಾರದು ಅನ್ನುವ ಆಸೆಯನ್ನು ಆ ಹುಡುಗ ಸರಿಯಾಗಿ ಹಿಡಿದಿದ್ದ.

ಎರಡನೆಯ ಕಾರಣ ಅಷ್ಟು ಸುಲಭವಾಗಿ ಹೊರಗೆ ಬರುವುದಿಲ್ಲ. ಒಮ್ಮೆ ಮಗ್ರಿಬ್ ಆದ ಮೇಲೆ ಒಬ್ಬರು ಉಮ್ಮ ಮನೆಗೆ ಬಂದರು. ಮಗ ಪಿಕಪ್ ಓಡಿಸುತ್ತಾನೆ, ಇಪ್ಪತ್ತಾರು ವಯಸ್ಸು. ಮಕ್ಕಾಕ್ಕೆ ನಡೆದು ಹೋಗುತ್ತೇನೆ ಅಂತ ಹಠ ಹಿಡಿದಿದ್ದಾನೆ. "ನೀವೊಮ್ಮೆ ಅವನಿಗೆ ಹೇಳಿ ಉಸ್ತಾದ್, ನಿಮ್ಮ ಮಾತು ಕೇಳ್ತಾನೆ" ಅಂದರು. ಮರುದಿನ ಅವನನ್ನು ಕರೆದು ಕೂರಿಸಿದೆವು. ಯೂಟ್ಯೂಬ್ ನೋಡಿ ತಲೆ ತಿರುಗಿದೆ ಅಂತಲೇ ಊರಿನವರೆಲ್ಲ ಹೇಳುತ್ತಿದ್ದರು. ಸುಮಾರು ಹೊತ್ತು ಅವನು ಬಾಯಿ ಬಿಡಲಿಲ್ಲ. ಆಮೇಲೆ ಹೇಳಿದ. ಅವನ ಉಪ್ಪ ಕೊರೋನಾದಲ್ಲಿ ತೀರಿಕೊಂಡರು. ಮಯ್ಯತ್ ಮನೆಗೆ ಬರಲಿಲ್ಲ, ಮೀಯಿಸಲಿಕ್ಕೆ ಮಗನಿಗೆ ಆಗಲಿಲ್ಲ, ದೂರದಿಂದ ಒಂದು ಪ್ಲಾಸ್ಟಿಕ್ ಕಟ್ಟನ್ನು ನೋಡಿದ್ದು ಅಷ್ಟೇ. "ಅವತ್ತಿನಿಂದ ಒಳಗೆ ಎಂತದೋ ಕೂತಿದೆ ಉಸ್ತಾದ್. ತುಂಬಾ ದೂರ ನಡೆದರೆ ಅದು ಎಲ್ಲಿಯಾದರೂ ಬಿದ್ದು ಹೋಗಬಹುದು ಅಂತ ಅನ್ನಿಸ್ತದೆ."

ಇಂಥವನಿಗೆ ಫತ್ವಾ ಓದಿ ಹೇಳಿ ಪ್ರಯೋಜನ ಎಂತ? ನಡೆಯುವವರಲ್ಲಿ ಎಷ್ಟೋ ಮಂದಿಯ ಚೀಲದಲ್ಲಿ ಹೀಗೊಂದು ಹೊರಲಾಗದ ಭಾರ ಇರುತ್ತದೆ. ಸತ್ತವರ ಋಣ, ತೀರದ ಒಂದು ತಪ್ಪು, ಯಾರಿಗೂ ಹೇಳಲಿಕ್ಕೆ ಆಗದ ಕಾಯಿಲೆ. ಕೂತಲ್ಲಿ ದುಆ ಮಾಡಿ ಸಮಾಧಾನ ಆಗದೆ, ಕಾಲಿಗೂ ಬೆನ್ನಿಗೂ ದುಆ ಮಾಡಲು ಹೇಳುತ್ತಾರೆ ಅವರು. ಲಕ್ಷಗಟ್ಟಲೆ ಕಟ್ಟಲು ಇಲ್ಲದ ಬಡವನಿಗೆ ತನ್ನದು ಅಂತ ಇರುವ ಬಂಡವಾಳ ಕಾಲು ಮಾತ್ರ. ಅದನ್ನೇ ಕೊಡುತ್ತೇನೆ ಅಂತ ಹೊರಡುತ್ತಾನೆ. (ಆದರೆ ನಡೆದರೆ ಖರ್ಚು ಕಡಿಮೆ ಅನ್ನುವುದು ತಪ್ಪು ಲೆಕ್ಕ. ಒಂದು ವರ್ಷ ದುಡಿಮೆ ಇಲ್ಲ, ಹಲವು ದೇಶದ ವೀಸಾ, ದಾರಿಯ ಊಟ ವಸತಿ, ವಾಪಸು ಬರುವ ಟಿಕೆಟ್.)

ಆ ಹುಡುಗನಿಗೆ ನಾವು ಹೋಗಬೇಡ ಅನ್ನಲಿಲ್ಲ. ಪಿಕಪ್‌ನ ಸಾಲ ಎಷ್ಟು ಕಂತು ಬಾಕಿ ಉಂಟು ಮೋನೆ ಅಂತ ಕೇಳಿದೆವು. ಹದಿನೆಂಟು. ನೀನು ನಡೆಯುವ ಹದಿನೆಂಟು ತಿಂಗಳು ಅದನ್ನು ಕಟ್ಟುವುದು ಯಾರು? ಉಮ್ಮನ ಶುಗರ್‌ನ ಮದ್ದು ತರುವುದು ಯಾರು? ಅವನು ತಲೆ ತಗ್ಗಿಸಿದ. ಉಪ್ಪ ಹಜ್ಜ್ ಮಾಡಿದ್ದಾರಾ? ಇಲ್ಲ. ಹಾಗಾದರೆ ನಿನ್ನ ಹಜ್ಜ್ ಮೊದಲು ಆಗಲಿ, ಆಮೇಲೆ ಉಪ್ಪನ ಹೆಸರಿನಲ್ಲಿ ಬದಲ್ ಹಜ್ಜ್ ಮಾಡಲು ಆಗುತ್ತದೆ, ಅದಕ್ಕೆ ಕಿತಾಬಿನಲ್ಲಿ ದಾರಿ ಉಂಟು ಅಂದೆವು. ಆ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಸತ್ತವರಿಗೆ ಇನ್ನೂ ಎಂತಾದರೂ ಮಾಡಬಹುದು ಅಂತ ಕೇಳಿದಾಗ ಅವನ ಮುಖ ಬದಲಾದದ್ದನ್ನು ನೋಡಬೇಕಿತ್ತು.

ಇನ್ನು ಮೂರನೆಯದನ್ನೂ ಹೇಳಲೇಬೇಕು, ಹೆಸರಿನ ಆಸೆ. ಫೋನಿಗೆ ಒಂದು ಕೋಲು ಕಟ್ಟಿ, ದಿನಾ ಲೈವ್ ಬಂದು, ಇಂದು ಇಷ್ಟು ಕಿಲೋಮೀಟರ್ ಅಂತ ಲೆಕ್ಕ ಒಪ್ಪಿಸಿ, ಕೊನೆಗೆ ಗೂಗಲ್ ಪೇ ನಂಬರ್ ಹಾಕುವವರೂ ಇದ್ದಾರೆ. ಇದರಲ್ಲಿ ತಪ್ಪು ನಡೆಯುವವನದ್ದು ಮಾತ್ರ ಅಲ್ಲ, ನಮ್ಮದೂ ಉಂಟು. ಇಪ್ಪತ್ತೈದು ವಯಸ್ಸಿನ ಹುಡುಗನ ಕೈಗೆ ಮುತ್ತಿಟ್ಟು, ಹಾರ ಹಾಕಿ, ಕೈಕೂಸನ್ನು ಅವನ ಕೈಗೆ ಕೊಟ್ಟು ಮಂತ್ರಿಸಿ ಅನ್ನುವವರು ನಾವೇ. ಅವನ ನಿಯ್ಯತ್ ಊರಿನಿಂದ ಹೊರಡುವಾಗ ಶುದ್ಧವೇ ಇದ್ದಿರಬಹುದು. ಹತ್ತು ಊರಿನ ಸ್ವಾಗತ ಆದ ಮೇಲೆ ಅದು ಹಾಗೆಯೇ ಉಳಿಯಬೇಕಾದರೆ ಅವನು ನಿಜವಾಗಿಯೂ ಔಲಿಯಾ ಆಗಬೇಕು.

ನಡೆಯುವುದರ ಬಗ್ಗೆ ಯೋಚಿಸುವಾಗ ನಮಗೆ ಹೆಚ್ಚು ನೆನಪಾಗುವುದು ಹಾಜರಾ ಬೀವಿ. ಹಜ್ಜ್‌ಗೆ ವಿಮಾನದಲ್ಲಿ ಬಂದವನೂ, ಹಡಗಿನಲ್ಲಿ ಬಂದವನೂ, ನಡೆದು ಬಂದವನೂ ಸಫಾ ಮರ್ವಾದ ನಡುವೆ ಏಳು ಸಲ ನಡೆಯಲೇಬೇಕು. ಒಟ್ಟು ಮೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಅದು ಯಾವ ನೇರ್ಚೆಯ ನಡಿಗೆಯೂ ಅಲ್ಲ. ಬಾಯಾರಿದ ಮಗುವಿಗೆ ನೀರು ಹುಡುಕಿ ಒಬ್ಬ ತಾಯಿ ಓಡಿದ ಓಟ. ಅಲ್ಲಾಹನು ಕಿಯಾಮತ್‌ವರೆಗೆ ಉಳಿಸಿಕೊಂಡದ್ದು ಆ ಮನೆವಾರ್ತೆಯ ನಡಿಗೆಯನ್ನು. ಮತ್ತೆ ಯಮನಿನ ಉವೈಸುಲ್ ಖರನೀ. ಪ್ರವಾದಿಯವರ ಕಾಲದಲ್ಲೇ ಬದುಕಿದ್ದರೂ ತಾಯಿಯ ಚಾಕರಿ ಬಿಟ್ಟು ಮದೀನಾಕ್ಕೆ ಹೊರಡಲಿಲ್ಲ. ಒಂದು ದಿನವೂ ಕಾಣದ ಆ ಮನುಷ್ಯನ ದುಆ ಕೇಳಿಕೊಳ್ಳಿ ಅಂತ ಪ್ರವಾದಿ (ಸ) ಹೇಳಿದ್ದರಿಂದ ಉಮರ್ (ರ) ಅವರನ್ನು ಹುಡುಕಿ ಹೋಗಿ ಕೇಳಿಕೊಂಡರು. ನಡೆಯದೆ ಉಳಿದು ಗೆದ್ದವರು ಅವರು. ಮನೆಯ ಖರ್ಚಿಗೆ ಇಡದೆ, ಉಮ್ಮನ ಒಪ್ಪಿಗೆ ಇಲ್ಲದೆ ಹೊರಡುವ ಹುಡುಗರಿಗೆ ಈ ಇಬ್ಬರ ಚರಿತ್ರೆ ಹೇಳಿ ನೋಡಿ. ನಾವು ಗದರಿಸುವುದಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ದಾರಿಯ ವಿಷಯದಲ್ಲೂ ಕಣ್ಣು ತೆರೆದು ನೋಡಬೇಕು. ನಮ್ಮ ಹೈವೇಯಲ್ಲಿ ನಡೆಯುವವನಿಗೆ ಅಂತ ಜಾಗ ಎಲ್ಲಿದೆ? ಬಿಳಿ ಗೆರೆಯ ಮೇಲೆ, ಟ್ಯಾಂಕರ್ ಲಾರಿಗಳ ಪಕ್ಕದಲ್ಲಿ, ರಾತ್ರಿ ಹೊತ್ತು ಕಪ್ಪು ಬಟ್ಟೆ ಹಾಕಿಕೊಂಡು ನಡೆಯುತ್ತಾರೆ. 2025ರ ಏಪ್ರಿಲ್‌ನಲ್ಲಿ ಅಟ್ಟಾರಿಯ ಗಡಿಯನ್ನೇ ಮುಚ್ಚಲಾಯಿತು, ಅಂದರೆ ಶಿಹಾಬ್ ಹಾಕಿಕೊಂಡ ದಾರಿಗೇ ಬಾಗಿಲು ಬಿತ್ತು. ಎಲ್ಲಕ್ಕಿಂತ ದೊಡ್ಡದು ಹಜ್ಜ್‌ನ ಅನುಮತಿ ಪತ್ರ. ನಡೆದು ಮುಟ್ಟಿದರೂ ಅದು ಇಲ್ಲದೆ ಹಜ್ಜ್‌ಗೆ ಬಿಡುವುದಿಲ್ಲ. 2024ರ ಹಜ್ಜ್‌ನ ಬಿಸಿಲಿಗೆ 1,301 ಮಂದಿ ತೀರಿಕೊಂಡರು. ಅದರಲ್ಲಿ ನೂರಕ್ಕೆ 83 ಮಂದಿ ಅನುಮತಿ ಇಲ್ಲದೆ ಬಂದವರು, ನೆರಳಿಲ್ಲದೆ ಬಿಸಿಲಿನಲ್ಲಿ ಬಹಳ ದೂರ ನಡೆದವರು ಎಂದು ಸೌದಿ ಸರಕಾರವೇ ಹೇಳಿತು. ಪತ್ರ ಇದ್ದವರಿಗೆ ಬಸ್ ಇತ್ತು, ಎಸಿ ಡೇರೆ ಇತ್ತು. ಇಲ್ಲದವರಿಗೆ ರಸ್ತೆ ಮಾತ್ರ. ಬೇರೆ ದಾರಿ ಇಲ್ಲದೆ ನಡೆದು ಸತ್ತ ಆ ಬಡಪಾಯಿಗಳ ವಿಡಿಯೋಕ್ಕೆ ಯಾರೂ ಲೈಕ್ ಹಾಕಲಿಲ್ಲ.

ಶಿಹಾಬ್‌ರ ಪ್ರಯಾಣದಲ್ಲಿ ನಮಗೆ ಹೆಚ್ಚು ಇಷ್ಟವಾದದ್ದು ಅವರು ನಡೆದ ಭಾಗ ಅಲ್ಲ, ನಿಂತ ಭಾಗ. ಪಂಜಾಬ್ ಮುಟ್ಟುವಾಗ ಪಾಕಿಸ್ತಾನದ ವೀಸಾ ಸಿಗಲಿಲ್ಲ. ಗಡಿಯ ಹತ್ತಿರ, ಅಮೃತಸರ ಜಿಲ್ಲೆಯ ಒಂದು ಶಾಲೆಯಲ್ಲಿ ತಿಂಗಳುಗಟ್ಟಲೆ ಕಾದು ಕೂತರು. 2023ರ ಫೆಬ್ರವರಿಯಲ್ಲಿ ದಾರಿ ತೆರೆಯಿತು. ಆ ಚಳಿಯಲ್ಲಿ, ಕಿಲೋಮೀಟರಿನ ಲೆಕ್ಕ ಒಂದೇ ಕಡೆ ನಿಂತಾಗ, ನೋಡುವವರೂ ಕಡಿಮೆಯಾದಾಗ, ವಾಪಸು ಹೋಗದೆ ಕೂರುವುದು ನಡೆಯುವುದಕ್ಕಿಂತ ಕಷ್ಟ. ಮತ್ತೆ ಕೊನೆಗೆ ಆದದ್ದು ಎಂತ? ಜೂನ್‌ನಲ್ಲಿ ಅವರು ಮಕ್ಕಾ ಮುಟ್ಟಿದರು, ಊರಿನಿಂದ ಉಮ್ಮ ಬಂದ ಮೇಲೆ ಹಜ್ಜ್ ಮಾಡುವುದು ಅಂತ ಪತ್ರಿಕೆಗಳಲ್ಲಿ ಬಂತು. ಮಗನಿಗೆ ಒಂದು ವರ್ಷ, ಉಮ್ಮನಿಗೆ ಕೆಲವು ಗಂಟೆ. ಅರಫಾದ ದಿನ ಇಬ್ಬರಿಗೂ ಒಂದೇ.

ಆ ಪಿಕಪ್‌ನ ಹುಡುಗ ಒಂದು ಶನಿವಾರ ರಾತ್ರಿ ಇಬ್ಬರು ಗೆಳೆಯರ ಜೊತೆ ಉಳ್ಳಾಲಕ್ಕೆ ನಡೆದು ಹೋಗಿ ಸಿಯಾರತ್ ಮಾಡಿ ಬಂದ. ಸೋಮವಾರ ಗಾಡಿ ಓಡಿಸಿದ. ಕಂತು ಮುಗಿಯಲಿ ಅನ್ನುತ್ತಾನೆ ಈಗ. ಆಮೇಲೆ ನಡೆಯುತ್ತಾನೋ, ಫಾರಂ ತುಂಬುತ್ತಾನೋ, ನಾವು ಕೇಳಿಲ್ಲ.

ಜಮಾಅತ್‌ಗಳ ಹತ್ತಿರ ಒಂದು ಮಾತು. ಹೈವೇ ಬದಿಯ ಪಳ್ಳಿಗಳಲ್ಲಿ ಮೊದಲು ಮುಸಾಫಿರರಿಗೆ ಅಂತಲೇ ಒಂದು ಕೋಣೆ ಇರುತ್ತಿತ್ತು. ನಡೆದು ಬಂದವನಿಗೆ ಬೇಕಾದದ್ದು ಹಾರ ಅಲ್ಲ, ಕಾಲು ಚಾಚಲು ಜಾಗ, ಬಿಸಿ ಗಂಜಿ, ಬೊಕ್ಕೆ ಎದ್ದ ಪಾದಕ್ಕೆ ಮದ್ದು, ಬಟ್ಟೆ ಒಗೆಯಲು ಒಂದು ನಲ್ಲಿ. ಅವನು ಮಕ್ಕಾಕ್ಕೆ ಹೋಗುವವನಾಗಿರಲಿ, ಕೆಲಸ ಹುಡುಕಿ ಬಂದ ಉತ್ತರದ ಕಡೆಯ ಕೂಲಿಯವನಾಗಿರಲಿ. ನಮ್ಮ ಪಳ್ಳಿಯ ಮಹಡಿಯಲ್ಲಿ ಆ ಕೋಣೆ ಈಗಲೂ ಉಂಟು. ಒಳಗೆ ಶಾಮಿಯಾನದ ಕಂಬ, ಹಳೆಯ ಮೈಕ್ ಸೆಟ್, ಮುರಿದ ಕುರ್ಚಿಗಳು. ಬೀಗದ ಕೈ ಯಾರ ಹತ್ತಿರ ಉಂಟು ಅಂತ ವಿಚಾರಿಸುತ್ತಾ ಇದ್ದೇವೆ.